ಚೆಲ್ಲೋಗೊಂದು ಟಿಕೆಟ್ಟು

ಪರದೆ ಇಲ್ಲ. ಮೈಕಂತೂ ಇಲ್ಲವೇ ಇಲ್ಲ.
ಮಂಡ್ಯದ ಶಾಲೆಯೊಂದರ ಹಾಲು,
ಹನ್ನೆರಡು ಮಡಚುವ ಕುರ್ಚಿ, ಎರಡೆರಡಾಗಿ,
ನಡುವೆ ಒಬ್ಬರು ಓರೆಯಾಗಿ ನುಸುಳುವಷ್ಟು ದಾರಿ.
ಇದು ಬಸ್ಸು ಎಂದು ನಾವು ಹೇಳುವುದಿಲ್ಲ.
ದೇವೀರಪ್ಪ ಕ್ಲಾರಿನೆಟ್ಟಿನ ಮಂದ್ರದಲ್ಲಿ
ಹಳೇ ಡೀಸೆಲ್ ಇಂಜಿನ್ನನ್ನು ಕೆಮ್ಮಿಸುತ್ತಾನೆ,
ಜನ ನಗುತ್ತಾರೆ. ಸಾಕು, ಬಸ್ಸಾಯಿತು.

ಮೊದಲ ಸಾಲಿನ ಅಜ್ಜಿ ಪಕ್ಕದವರನ್ನು ಕೇಳಿದ್ದು
ಮೇಲಿದ್ದ ನನಗೂ ಕೇಳಿಸಿತು:
‘ಇವ್ರು ಮಾತಾಡದು ಯಾವಾಗ?’
ಇಲ್ಲ ಅಜ್ಜಿ. ಐದು ಜನ, ಐವತ್ತು ನಿಮಿಷ,
ಒಂದಕ್ಷರವೂ ಇಲ್ಲ.
ಕುರ್ಚಿ ಕಿರುಗುಟ್ಟಿದರೆ ಅದೂ ನಾವು ಬರೆದದ್ದೇ.

ಕತೆ ಮಾತ್ರ ನಡೆದದ್ದು. ಮೂರು ವರ್ಷದ ಹಿಂದೆ
ಮೈಸೂರಿನ ಸಬರ್ಬನ್ ಸ್ಟ್ಯಾಂಡಿನಲ್ಲಿ, ಬೆಳಗಿನ ಆರೂಕಾಲರ ಬಸ್ಸಿಗೆ
ಇಗ್ನೇಷಿಯಸ್ ತನ್ನ ತಾತನ ಚೆಲ್ಲೋ ಹತ್ತಿಸಿದ.
ತಾತ ಅರಮನೆಯ ವಾದ್ಯಗೋಷ್ಠಿಯಲ್ಲಿದ್ದವರು,
ಪಿಂಚಣಿಯ ಜೊತೆ ಇದನ್ನೂ ಮನೆಗೆ ಹೊತ್ತು ತಂದರು,
ಯಾರೂ ವಾಪಸು ಕೇಳಲಿಲ್ಲ.
ಜಮಖಾನೆಯಲ್ಲಿ ಅಮ್ಮ ಹೊಲಿದ ಚೀಲ ಒಂದು ಗೇಣು ಸಾಲದೆ
ಕತ್ತು ಹೊರಗೇ ಇತ್ತು.
ಕಿಟಕಿ ಪಕ್ಕ ಕೂರಿಸಿ, ವಾಲದಂತೆ ಟವೆಲು ಸುತ್ತಿದ.

ಕಂಡಕ್ಟರ್ ಬಂದರು. ನೋಡಿದರು.
‘ಇವ್ರಿಗೆ?’
‘ಇದು ವಾದ್ಯ, ಸರ್.’
‘ವಾದ್ಯವೋ ಭಾವಮೈದನೋ,
ಸೀಟಲ್ ಕುಂತ್ಮೇಲೆ ಫುಲ್ ಟಿಕೇಟು.’
ಹರಿದು, ತಂತಿಗಳ ನಡುವೆ ಸಿಕ್ಕಿಸಿ, ಮುಂದಕ್ಕೆ ಹೋದರು.

ಅದನ್ನೇ ಆಡುತ್ತೇವೆ.
ಪ್ರತಿ ಸ್ಟಾಪಿನಲ್ಲೂ ಕಾಳಿಂಗಯ್ಯ ತಮಟೆಯ ಅಂಚಿನಲ್ಲಿ
ಇಬ್ಬರನ್ನು ಇಳಿಸಿ, ಏಳು ಜನರನ್ನು ಹತ್ತಿಸುತ್ತಾನೆ.
ಶ್ರೀರಂಗಪಟ್ಟಣ ಬಂದಾಗ ವಾರಿಜಾಕ್ಷಿ
ಘಟದ ಬಾಯಿಗೆ ಮೇಲಿಂದ ಒಂದು ರೂಪಾಯಿ ಬಿಡುತ್ತಾಳೆ.
ಅಷ್ಟೇ ನದಿ.
ಆಮೇಲೆ ಇಂಡುವಾಳಿನವರೆಗೂ ಆ ನಾಣ್ಯ
ಒಳಗೇ ಗಿಲಕಿಯಾಡುತ್ತಿರುತ್ತದೆ.

ನನ್ನ ಪಾಲಿಗೆ ಕೊಳಲು, ಮತ್ತು ಕಂಡಕ್ಟರ್.
ಹೆಗಲಿಗೆ ಚರ್ಮದ ಚೀಲ. ಬಸ್ಸು ಹೊರಡಿಸಲು
ಚಿಕ್ಕ ಕೊಳಲಿನಲ್ಲಿ ಮೇಲಿನ ಷಡ್ಜ, ಒಂದೇ ಸಲ, ಉದ್ದಕ್ಕೆ.
ಮೂವತ್ತೊಂದು ಪ್ರದರ್ಶನ ಹಾಗೇ ಹೊರಟಿದ್ದೇವೆ.

ಆ ಸಂಜೆ ಗಣಂಗೂರು ಬಿಡುವಾಗ ಊದಿದೆ.
ಆರನೇ ಸಾಲಿನ ಕತ್ತಲಿಂದ
ನಿಜವಾದ ವಿಷಲ್ಲು. ಎರಡು ತುಂಡು.
ನನ್ನ ಷಡ್ಜಕ್ಕಿಂತ ಒಂದೆಳೆ ಮೇಲೆ.
‘ಒಂದ್ ಊದುದ್ರೆ ನಿಲ್ಸು ಅಂತ ಕಣಮ್ಮ.
ಎರಡೂದು.’

ಯಾರೂ ನಗಲಿಲ್ಲ.
ದೇವೀರಪ್ಪನ ಇಂಜಿನ್ನು ಉಸಿರು ಸಾಲದೆ ನಡುಗುತ್ತಿತ್ತು.
ಮೂರು ವರ್ಷ ನಾನು ಬಸ್ಸು ನಿಲ್ಲಿಸುತ್ತಲೇ ಇದ್ದೆ,
ಅದು ದಾಕ್ಷಿಣ್ಯಕ್ಕೆ ಹೊರಡುತ್ತಿತ್ತು.
ಇಗ್ನೇಷಿಯಸ್ ಬೆರಳು ಜಾರಿಸಿ ಆ ಒಂದೆಳೆ ಹುಡುಕಿದ, ಸಿಕ್ಕಿತು,
ಹಿಡಿದೇ ನಿಂತ. ಕಾಳಿಂಗಯ್ಯನೂ ತಲೆಯಾಡಿಸಿದ ಮೇಲೆ
ಎರಡೂದಿದೆ.

ಮುಗಿದ ಮೇಲೆ ಬಂದರು. ಪಂಚೆ, ತೋಳು ಮಡಚಿದ ಶರ್ಟು,
ನಿವೃತ್ತಿಯಾಗಿ ಆರು ತಿಂಗಳಂತೆ,
ವಿಷಲ್ಲು ಮನೆಯ ಬೀಗದ ಕೈ ಗೊಂಚಲಿನಲ್ಲಿ.
ನಮ್ಮನ್ನೆಲ್ಲ ದಾಟಿ ಚೆಲ್ಲೋ ಮುಂದೆ ನಿಂತರು.
‘ಅವತ್ತು ಲಗೇಜ್ ರೇಟಲ್ಲೇ ಹಾಕ್ಬೋದಿತ್ತು,’ ಅಂದರು.
ದುಡ್ಡು ವಾಪಸು ಕೊಡಲಿಲ್ಲ.
ಇಗ್ನೇಷಿಯಸ್ ಕೇಳಲೂ ಇಲ್ಲ.

ರಾತ್ರಿಯ ಬಸ್ಸಿನಲ್ಲಿ ನನಗೂ ವಾರಿಜಾಕ್ಷಿಗೂ
ಸೊನ್ನೆ ರೂಪಾಯಿಯ ಚೀಟಿ. ಹೊಸ ಕಂಡಕ್ಟರ್, ಇನ್ನೂ ಹುಡುಗ,
ಚೆಲ್ಲೋ ಸೊಂಟ ನೋಡಿ ಕೇಳಿದ:
‘ಇವ್ರದ್ದು ಆಧಾರ್ ಐತಾ?’

ಸೇತುವೆ ಬಂತು. ವಾರಿಜಾಕ್ಷಿ ಘಟ ಬಗ್ಗಿಸಿ,
ಅಲ್ಲಾಡಿಸಿ, ನಾಣ್ಯ ತೆಗೆದಳು.
ಕಿಟಕಿ ಪಕ್ಕ ಚೆಲ್ಲೋ ಕೂತಿತ್ತು.
‘ಸ್ವಲ್ಪ ಸರೀತೀರಾ,’ ಅಂದಳು.